ಯಾವಾಗಿನಿಂದ ಕೇಳಿಸುತ್ತಿತ್ತು

ಬೀದಿಯವರು ಅವಳನ್ನು ಪರದೆಯಕ್ಕ ಎಂದು ಕರೆಯುತ್ತಿದ್ದರು. ಪರದೆ ಹೊಲಿಯುವುದೇ ಅವಳ ಕಸುಬು. ಮುಖ್ಯರಸ್ತೆಯ ಅಂಗಡಿಯವರು ಕಿಟಕಿ ಬಾಗಿಲುಗಳ ಅಳತೆ ಬರೆದು ಬಟ್ಟೆ ಕಳಿಸುತ್ತಿದ್ದರು. ಅವಳು ಮನೆಯಲ್ಲಿ ಕೂತು ಅದಕ್ಕೆ ನೆರಿಗೆ ಹಿಡಿದು, ಮೇಲಂಚಿಗೆ ದಪ್ಪ ಪಟ್ಟಿ ಕೊಟ್ಟು, ಉಂಗುರ ಕೂರಿಸಿ ವಾಪಸು ಕಳಿಸುತ್ತಿದ್ದಳು. ಕೆಲಸ ಅಚ್ಚುಕಟ್ಟು. ಮಾತು ಮಾತ್ರ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಂಗಡಿಯ ಮಾಲೀಕ ಫೋನ್ ಮಾಡಿದರೆ ‘ಹ್ಞೂಂ’, ‘ಆಯ್ತು’, ‘ನಾಳೆ’ ಇಷ್ಟರಲ್ಲೇ ವ್ಯವಹಾರ ಮುಗಿದುಹೋಗುತ್ತಿತ್ತು. ‘ಆಕೆಗೆ ಫೋನ್ ಮಾಡಿದರೆ ನನ್ನ ದನಿ ನನಗೇ ಕೇಳಿಸುತ್ತೆ’ ಎಂದು ಅವನು ನಗುತ್ತಿದ್ದ.

ಆ ಮನೆಯ ಮಾತೆಲ್ಲ ಗಂಡನ ಪಾಲಿಗೆ ಹೋಗಿತ್ತು. ಅವನು ಲಿಫ್ಟ್ ಮೆಕ್ಯಾನಿಕ್. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುವ ಗಾದೆ ಇವನನ್ನು ನೋಡಿಯೇ ಹುಟ್ಟಿರಬೇಕು ಎಂದು ಜೊತೆ ಕೆಲಸದವರು ಹೇಳುತ್ತಿದ್ದರು. ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದ ಜನ ಒಳಗಿನಿಂದ ಕಿರುಚುತ್ತಿದ್ದರೆ ಇವನು ಹೊರಗೆ ನಿಂತು, “ಸ್ವಲ್ಪ ತಾಳ್ರಪ್ಪ, ಕೂತಿದ್ದಕ್ಕೆ ಬಾಡಿಗೆ ಏನೂ ಕೇಳಲ್ಲ” ಎಂದು ನಗಿಸುತ್ತಿದ್ದ. ಹೊರಗೆ ಬಂದವರು ಅವನ ಕೈ ಹಿಡಿದುಕೊಂಡು ಹೋಗುತ್ತಿದ್ದರು.

ಅದೇ ನಾಲಿಗೆ ಮನೆಯ ಹೊಸ್ತಿಲು ದಾಟಿದರೆ ಚಾಕು. ನೆಂಟರ ಮುಂದೆ ಹೆಂಡತಿಯ ತಲೆಗೆ ಬೆರಳಿನಿಂದ ಕುಟ್ಟಿ, “ಒಳಗೆ ಹತ್ತಿ ತುಂಬಿದಾರೆ, ದಿಂಬು ಮಾಡೋಕೆ ಇಟ್ಕೊಂಡಿದೀನಿ” ಎನ್ನುವನು. ನೆಂಟರು ನಗುವರು. ಅವಳ ತಂದೆ ತೀರಿಕೊಂಡ ಸುದ್ದಿ ಬಂದ ದಿನ ಅವಳು ಬಾಗಿಲಿಗೊರಗಿ ಅಳುತ್ತಿದ್ದರೆ, “ನಿಮ್ಮಪ್ಪ ಇದ್ದಾಗ ಯಾರಿಗೆ ಉಪಯೋಗಕ್ಕೆ ಬಂದ್ರು ಅಂತ ಈಗ ಇಷ್ಟು ನೀರು?” ಎಂದಿದ್ದ. ಕೈ ಮಾತ್ರ ಎಂದೂ ಎತ್ತಿದವನಲ್ಲ. ಅದನ್ನೇ ಎಲ್ಲರೂ ಅವಳಿಗೆ ಅವನ ದೊಡ್ಡ ಗುಣವೆಂದು ಹೇಳುತ್ತಿದ್ದರು. ಮಾತು ತಾನೆ, ಗಾಳಿಗೆ ಹೋಗುತ್ತೆ ಎನ್ನುತ್ತಿದ್ದರು. ಗಾಳಿಗೆ ಹೋಗಲಿಲ್ಲ. ಅವಳಲ್ಲೇ ಉಳಿಯುತ್ತಿತ್ತು.

ಅವನು ಬಿದ್ದದ್ದು ಒಂದು ಕಚೇರಿ ಕಟ್ಟಡದಲ್ಲಿ. ಲಿಫ್ಟಿನ ಪೆಟ್ಟಿಗೆಯ ಮೇಲೆ ನಿಂತು ಹಗ್ಗಕ್ಕೆ ಎಣ್ಣೆ ಹಚ್ಚುತ್ತಿದ್ದಾಗ ಕಾಲು ಜಾರಿತು. ತಲೆಗೆ ಹೆಲ್ಮೆಟ್ ಇತ್ತು. ಆದರೆ ಗಲ್ಲದ ಪಟ್ಟಿ ಬಿಗಿದಿರಲಿಲ್ಲ. ಬಿಗಿದರೆ ದವಡೆ ಆಡಿಸಲು ಆಗುವುದಿಲ್ಲ ಎಂಬುದು ಅವನ ಹಳೆಯ ತಕರಾರು. ಮೊದಲು ಹೆಲ್ಮೆಟ್ ಕೆಳಗೆ ಬಿತ್ತು, ಹಿಂದೆಯೇ ಅವನು.

ಆಸ್ಪತ್ರೆಯಲ್ಲಿ ತಲೆ ತೆರೆದು ರಕ್ತ ತೆಗೆದರು. ಉಸಿರು ಉಳಿಯಿತು. ಕೆಲವು ವಾರಗಳ ನಂತರ ಕಣ್ಣೂ ತೆರೆದ. ಆದರೆ ಆ ಕಣ್ಣುಗಳು ಯಾರನ್ನೂ ಹಿಂಬಾಲಿಸುತ್ತಿರಲಿಲ್ಲ. ಹಿರಿಯ ವೈದ್ಯರು ಬೆಳಕಿನ ಹಲಗೆಗೆ ಸ್ಕ್ಯಾನ್ ಫಿಲ್ಮ್ ಸಿಕ್ಕಿಸಿ ತೋರಿಸಿದರು.

“ಇಲ್ಲಿ ರಕ್ತ ಹರಡಿತ್ತು. ಇಲ್ಲಿ, ಇಲ್ಲಿ, ಒಳಗಿನ ಎಳೆಗಳೇ ಹರಿದುಹೋಗಿವೆ. ಕಣ್ಣು ಬಿಡ್ತಾರೆ, ನಿದ್ದೆ ಮಾಡ್ತಾರೆ. ಆದ್ರೆ ಅವರಿಗೆ ಏನೂ ಗೊತ್ತಾಗಲ್ಲಮ್ಮ. ಮನಸ್ಸು ಗಟ್ಟಿ ಮಾಡ್ಕೊಳ್ಳಿ.”

ಎಳೆ ಹರಿಯುವುದು ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ತೇಪೆ ಹಾಕಬಹುದು, ಅಂಚು ಮಡಚಿ ಹೊಲಿಯಬಹುದು, ಎಳೆ ಎಳೆಗೆ ಮತ್ತೆ ಕೂಡುವುದಿಲ್ಲ. ಅವಳು ತಲೆಯಾಡಿಸಿದಳು. ಪಕ್ಕದಲ್ಲಿದ್ದ ಅತ್ತೆ ಮಾತ್ರ ಒಪ್ಪಲಿಲ್ಲ. “ನನ್ನ ಮಗ ನನ್ನನ್ನ ನೋಡಿ ರೆಪ್ಪೆ ಹೊಡೆದ” ಎಂದು ಹಟ ಹಿಡಿದಳು. ಎಲ್ಲರೂ ಎಲ್ಲರನ್ನು ನೋಡಿಯೂ ರೆಪ್ಪೆ ಹೊಡೆಯುತ್ತಾರೆ ಎಂದು ಮುದುಕಿಗೆ ಹೇಳುವವರು ಯಾರು?

ಅವನನ್ನು ಮನೆಗೆ ತಂದರು. ಮುಂದಿನ ಕೋಣೆಯಲ್ಲಿ ಆಸ್ಪತ್ರೆಯ ಮಂಚ, ಗಾಳಿ ತುಂಬುವ ಹಾಸಿಗೆ, ಕಫ ಎಳೆಯುವ ಯಂತ್ರ. ಹೊಟ್ಟೆಗೆ ಹಾಕಿದ ನಳಿಕೆಯಲ್ಲಿ ಆಹಾರ ಇಳಿಸಬೇಕು. ಬೆನ್ನು ಹುಣ್ಣಾಗದಂತೆ ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಬೇಕು. ಮಡಚಿಕೊಳ್ಳುವ ಬೆರಳುಗಳನ್ನು ಬಿಡಿಸಿ ಅಂಗೈಯಲ್ಲಿ ಬಟ್ಟೆಯ ಸುರುಳಿ ಇಡಬೇಕು. ಬಿಗಿದುಕೊಂಡ ಭುಜವನ್ನು ದಿನಾ ಎಳೆದು ಆಡಿಸಬೇಕು. ಮಗಳು ಕಾಲೇಜು ಬಿಟ್ಟು ಔಷಧದ ಅಂಗಡಿಯ ಕೆಲಸಕ್ಕೆ ಸೇರಿದಳು. ಅತ್ತೆಗೆ ಮೊಣಕಾಲು ನೋವು. ಹಾಗಾಗಿ ಮಂಚದ ಕೆಲಸವೆಲ್ಲ ಪರದೆಯಕ್ಕನ ಪಾಲಿಗೆ ಬಂತು. ಕಫ ಕಟ್ಟಿದರೆ ತಕ್ಷಣ ಗೊತ್ತಾಗಲಿ ಎಂದು ಹೊಲಿಗೆ ಯಂತ್ರವನ್ನೂ ಅದೇ ಕೋಣೆಗೆ ತಂದಿಟ್ಟುಕೊಂಡಳು.

ಮೊದಮೊದಲು ಅವಳು ಎಂದಿನಂತೆ ಮೌನವಾಗಿಯೇ ಇದ್ದಳು. ಒಂದು ಬೆಳಿಗ್ಗೆ ಅವನನ್ನು ಎಡಕ್ಕೆ ತಿರುಗಿಸುವಾಗ ಅವಳ ಸೊಂಟ ಹಿಡಿದುಕೊಂಡಿತು. ನೋವಿಗೆ ಬಾಯಿಂದ ಬಂದೇಬಿಟ್ಟಿತು: “ಹೆಣಭಾರ!”

ಅಂದವಳೇ ಹೆದರಿ ಅವನ ಮುಖ ನೋಡಿದಳು. ಇಷ್ಟು ವರ್ಷ ಇಂಥ ಒಂದು ಮಾತಿಗೆ ಹತ್ತು ಮಾತು ತಯಾರಿರುತ್ತಿತ್ತು. ಈಗ ಬಾಯಿ ಅರ್ಧ ತೆರೆದಿತ್ತು, ಜೊಲ್ಲು ಇಳಿಯುತ್ತಿತ್ತು. ಉತ್ತರ ಬರಲಿಲ್ಲ. ಅವಳು ಜೊಲ್ಲು ಒರೆಸಿದಳು. ಇನ್ನೊಮ್ಮೆ, ಸ್ವಲ್ಪ ಮೆಲ್ಲಗೆ, ಅದೇ ಮಾತು ಅಂದು ನೋಡಿದಳು.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಹೊಲಿಗೆ ಯಂತ್ರದ ಸದ್ದಿನ ಮರೆಯಲ್ಲಿ ಅವಳು ಮಾತಾಡತೊಡಗಿದಳು. ಎಂದೂ ‘ನೀವು’ ಎಂದವಳು ‘ನೀನು’ ಅನ್ನತೊಡಗಿದಳು. “ನಮ್ಮಪ್ಪ ಯಾರಿಗೆ ಉಪಯೋಗಕ್ಕೆ ಬಂದ್ರು ಅಂದ್ಯಲ್ಲ? ಈಗ ಹೇಳು, ನೀನು ಯಾರಿಗೆ ಉಪಯೋಗ?” ಎಂದಳು. “ನೀನು ಬಿದ್ದ ದಿನ ನಾನು ಅತ್ತಿದ್ದು ನಿನಗೋಸ್ಕರ ಅಲ್ಲ, ಇನ್ಮೇಲೆ ನಿನ್ನ ಹೇಲು ಬಾಚ್ಬೇಕಲ್ಲಾ ಅಂತ” ಎಂದಳು. ಅಂಗಡಿಯ ಮಾಲೀಕನ ಮುಂದೆ ಅವನು ಅವಳ ಇಂಗ್ಲಿಷನ್ನು ಅಣಕಿಸಿದ್ದು, ಹೆರಿಗೆಯಾದ ದಿನ “ಇಷ್ಟಕ್ಕಾ ಇಷ್ಟು ಕೂಗಾಡಿದ್ದು” ಎಂದದ್ದು, ಎಲ್ಲವೂ ಒಂದೊಂದಾಗಿ ಹೊರಬಂತು. ಬೆನ್ನು ಒರೆಸುತ್ತ, ಬಟ್ಟೆ ಬದಲಿಸುತ್ತ, ತೋಳು ಎಳೆಯುತ್ತ ಆಡಿದಳು. ತೋಳು ಎಳೆಯುವಾಗ ಸ್ವಲ್ಪ ಜೋರಾಗಿಯೇ ಎಳೆಯುತ್ತಿದ್ದಳು. ಒಂದೆರಡು ಸಲ ಮಾತು ಇನ್ನೂ ಮುಂದೆ ಹೋಯಿತು. “ಅಲ್ಲೇ ಹೋಗಿಬಿಟ್ಟಿದ್ರೆ ನಿನಗೂ ಸುಖ, ನನಗೂ ಸುಖ” ಎಂದು ಅವನ ಕಿವಿಯ ಹತ್ತಿರವೇ ಹೇಳಿದಳು.

ಆಶ್ಚರ್ಯವೆಂದರೆ, ಅವಳ ಮುಖಕ್ಕೆ ಕಳೆ ಬಂತು. ದನಿ ಬಿಚ್ಚಿ ತಿಳಿಯಾಯಿತು. ಅಂಗಡಿಯ ಮಾಲೀಕನೊಂದಿಗೆ ಕೂಲಿಗಾಗಿ ಜಗಳವಾಡಿ ಗೆದ್ದಳು. ಫೋನಿನಲ್ಲಿ ನಗತೊಡಗಿದಳು. “ಕಷ್ಟ ಬಂದ ಮೇಲೆ ಗಟ್ಟಿಯಾಗಿದಾಳೆ” ಎಂದರು ಬೀದಿಯವರು. ಗಟ್ಟಿಯಾದದ್ದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ.

ಅತ್ತೆ ಪ್ರತಿದಿನ ಸಂಜೆ ಮಗನ ಪಕ್ಕ ಕೂತು ಊರ ಸುದ್ದಿ ಹೇಳುತ್ತಿದ್ದಳು. “ಅವನಿಗೆ ಎಲ್ಲ ಕೇಳಿಸುತ್ತೆ ಕಣೇ. ನೋಡು, ಕಣ್ಣಲ್ಲಿ ನೀರು.”

“ಅದು ಕಣ್ಣು ಒಣಗಬಾರದು ಅಂತ ಬರೋ ನೀರು ಅತ್ತೆ. ಡಾಕ್ಟ್ರೇ ಹೇಳಿದಾರಲ್ಲ” ಎಂದು ಸೊಸೆ ಸಮಾಧಾನವಾಗಿ ಹೇಳುವಳು. ಫಿಲ್ಮಿನ ಲಕೋಟೆ ಅಲಮಾರಿಯ ಮೇಲೆ ಇತ್ತು. ಅದು ಸುಳ್ಳು ಹೇಳುವುದಿಲ್ಲ ಎಂಬುದರ ಮೇಲೆಯೇ ಅವಳ ಈಗಿನ ಬದುಕು ನಿಂತಿತ್ತು.

ಹೀಗೆ ಎರಡು ವರ್ಷ ದಾಟಿದ ಮೇಲೆ ಅವನಿಗೆ ಶ್ವಾಸಕೋಶದ ಸೋಂಕಾಗಿ ಮತ್ತೆ ಆಸ್ಪತ್ರೆ ಸೇರಿಸಬೇಕಾಯಿತು. ಸೋಂಕು ಇಳಿಯಿತು. ಆಗ ಅಲ್ಲಿಗೆ ಹೊಸದಾಗಿ ಬಂದಿದ್ದ ಒಬ್ಬ ವೈದ್ಯೆ ಇವರನ್ನು ಕರೆಸಿ ಮಾತಾಡಿದಳು. ಇಂಥ ರೋಗಿಗಳ ಮೇಲೆ ಅವಳು ಒಂದು ಅಧ್ಯಯನ ಮಾಡುತ್ತಿದ್ದಳಂತೆ. ರೋಗಿಯನ್ನು ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಒಂದು ಕೆಲಸವನ್ನು ಮನಸ್ಸಿನಲ್ಲೇ ಮಾಡುವಂತೆ ಹೇಳುತ್ತಾರೆ. ಅವನು ಹಾಗೆ ಮಾಡಿದರೆ ಮಿದುಳಿನಲ್ಲಿ ಆ ಕೆಲಸ ನಡೆಸುವ ಭಾಗಕ್ಕೆ ರಕ್ತದ ಹರಿವು ಹೆಚ್ಚುತ್ತದೆ, ಅದು ಚಿತ್ರದಲ್ಲಿ ಕಾಣುತ್ತದೆ.

“ಮಾಡಿ ಮಾಡಿ” ಎಂದಳು ಅತ್ತೆ. ಪರದೆಯಕ್ಕ, “ಸುಮ್ನೆ ಯಾಕೆ ಅವರನ್ನ ಅಲ್ಲಿ ಇಲ್ಲಿ ಎಳೆದಾಡೋದು” ಎಂದು ನೋಡಿದಳು. ಮಗಳು ಅಜ್ಜಿಯ ಕಡೆ ನಿಂತಳು.

“ಅವರು ದಿನಾ ಮಾಡ್ತಿದ್ದ ಒಂದು ಕೆಲಸ ಹೇಳಿ. ಅದನ್ನೇ ಮನಸ್ಸಲ್ಲಿ ಮಾಡಿ ಅಂತ ಹೇಳ್ತೀವಿ” ಎಂದು ವೈದ್ಯೆ ಕೇಳಿದಳು.

“ಬೈಯೋದು” ಎಂದಳು ಮಗಳು, ಥಟ್ಟನೆ. ವೈದ್ಯೆ ನಕ್ಕಳು. ಬೇರೆ ಯಾರೂ ನಗಲಿಲ್ಲ. ಪರದೆಯಕ್ಕ, “ಸ್ಪ್ಯಾನರ್ ತಿರುಗಿಸೋದು” ಎಂದಳು.

ಫಲಿತಾಂಶ ಹೇಳಲು ವೈದ್ಯೆ ಮೂವರನ್ನೂ ತನ್ನ ಕೋಣೆಯಲ್ಲಿ ಕೂರಿಸಿಕೊಂಡಳು. ಕಂಪ್ಯೂಟರ್ ಪರದೆಯ ಮೇಲೆ ಬೂದು ಬಣ್ಣದ ಮಿದುಳು, ನೆತ್ತಿಯ ಹತ್ತಿರ ಕಿತ್ತಳೆ ಬಣ್ಣದ ಮಚ್ಚೆ.

“ಸ್ಪ್ಯಾನರ್ ತಿರುಗಿಸಿ ಅಂದಾಗ ಇದು ಬೆಳಗಿತು. ಸುಮ್ನಿರಿ ಅಂದಾಗ ಆರಿತು. ಮತ್ತೆ ಹೇಳಿದ್ವಿ, ಮತ್ತೆ ಬೆಳಗಿತು. ಒಂದು ಸಲ ಆಗಿದ್ರೆ ಆಕಸ್ಮಿಕ ಅನ್ನಬಹುದಿತ್ತು. ಪ್ರತಿ ಸಲ ಹಾಗೇ ಆಯ್ತು.” ಅವಳು ಕುರ್ಚಿಯನ್ನು ಇವರ ಕಡೆ ತಿರುಗಿಸಿದಳು. “ಅವರಿಗೆ ಮಾತು ಕೇಳಿಸುತ್ತೆ. ಅರ್ಥವೂ ಆಗುತ್ತೆ. ದೇಹ ಅಲ್ಲಾಡ್ತಿಲ್ಲ ಅಷ್ಟೇ.”

ಅತ್ತೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತಳು. “ನಾನು ಹೇಳ್ಲಿಲ್ವಾ? ನಾನು ಹೇಳ್ಲಿಲ್ವೇನೇ?” ಎಂದು ಸೊಸೆಯ ತೋಳು ಹಿಡಿದು ಅಲುಗಿಸಿದಳು.

“ಯಾವಾಗಿಂದ?” ಎಂದು ಕೇಳಿದಳು ಸೊಸೆ.

“ಏನಮ್ಮ?”

“ಯಾವಾಗಿಂದ ಕೇಳಿಸ್ತಿತ್ತು?”

“ಅದನ್ನ ಹೇಳೋದು ಕಷ್ಟ. ಮೊದಲಿಂದಲೇ ಇರಬಹುದು. ಇತ್ತೀಚೆಗೆ ಶುರುವಾಗಿದ್ರೂ ಆಗಿರಬಹುದು. ಹಳೇ ಸ್ಕ್ಯಾನ್‌ನಲ್ಲಿ ಗಾಯ ಮಾತ್ರ ಕಾಣುತ್ತೆ, ಮನಸ್ಸು ಕಾಣಲ್ಲ.”

“ದಿನವೆಲ್ಲಾನಾ? ಇಲ್ಲ ನಡುನಡುವೆನಾ?”

“ಅದೂ ಗೊತ್ತಾಗಲ್ಲಮ್ಮ” ಎಂದಳು ವೈದ್ಯೆ. ಸಂತೋಷದ ಸುದ್ದಿ ಕೇಳಿದ ಹೆಂಡತಿ ಹೀಗೇಕೆ ಪ್ರಶ್ನೆ ಕೇಳುತ್ತಿದ್ದಾಳೆಂದು ಅವಳಿಗೆ ತಿಳಿಯಲಿಲ್ಲ. ಮಗಳು ನೆಲ ನೋಡುತ್ತಿದ್ದಳು.

ಅವನು ಮನೆಗೆ ಬಂದ. ಅತ್ತೆ ನೆಂಟರಿಗೆಲ್ಲ ಫೋನ್ ಮಾಡಿದಳು. ಬಂದವರು ಮಂಚದ ಸುತ್ತ ನಿಂತು, ಕಿವುಡನೊಂದಿಗೆ ಮಾತಾಡುವಂತೆ ಕೂಗಿ ಕೂಗಿ ವಿಚಾರಿಸಿಕೊಂಡು ಹೋದರು. ಪರದೆಯಕ್ಕ ಹೊಲಿಗೆ ಯಂತ್ರವನ್ನು ಹಿಂದಿನ ಕೋಣೆಗೆ ಸಾಗಿಸಿದಳು. ಮಗ್ಗುಲು ಬದಲಿಸುವಾಗ ಅವನ ಮುಖ ನೋಡುತ್ತಿರಲಿಲ್ಲ. ಬಾಯಿ ತೆರೆಯುತ್ತಿರಲಿಲ್ಲ. ಪಾತ್ರೆ ಸದ್ದಾದರೂ ಬೆಚ್ಚುತ್ತಿದ್ದಳು. ಒಂದು ಮಾತೂ ಆಡದೆ, ಒಂದು ಬೆರಳೂ ಎತ್ತದೆ, ಅವನು ಆ ಮನೆಯನ್ನು ಮತ್ತೆ ತನ್ನದು ಮಾಡಿಕೊಂಡಿದ್ದ. ಅಂಗಡಿಯ ಮಾಲೀಕ ಫೋನ್ ಮಾಡಿದರೆ ಮತ್ತೆ ‘ಹ್ಞೂಂ’, ‘ಆಯ್ತು’.

“ಕೇಳಿಸಲ್ಲ ಅಂದಾಗ ವಟವಟ ಅಂತಿದ್ದೆ. ಕೇಳಿಸುತ್ತೆ ಅಂದ ಮೇಲೆ ಬಾಯಿಗೆ ಬೀಗ ಹಾಕ್ಕೊಂಡಿದೀಯ. ಏನೇ ನಿನ್ನ ಕಥೆ?” ಎಂದು ಅತ್ತೆ ಗದರಿದಳು.

ಒಂದು ಮಧ್ಯಾಹ್ನ ಮಗಳು ಊಟಕ್ಕೆ ಬಂದವಳು ತಾಯಿಯನ್ನು ಹಿಂದಿನ ಕೋಣೆಯಲ್ಲಿ ಹಿಡಿದಳು. “ಅಮ್ಮಾ, ನೀನು ಅಪ್ಪನಿಗೆ ಅಂತಿದ್ದದ್ದು ನನಗೂ ಕೇಳಿಸ್ತಿತ್ತು. ಗೋಡೆ ಏನು ಕಲ್ಲಿಂದಲ್ಲ.”

ತಾಯಿಯ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು.

“ನನಗೇನೂ ಬೇಜಾರಿಲ್ಲ. ಎಷ್ಟೋ ದಿನ ಬಾಗಿಲ ಹಿಂದೆ ನಿಂತು ಕೇಳಿದೀನಿ. ಇನ್ನೂ ಕೇಳ್ಬೇಕು ಅನ್ನಿಸ್ತಿತ್ತು.”

“ಅವರ ಕಿವೀಲಿ ಸಾಯಿ ಅಂದಿದೀನಿ ಕಣೇ” ಎಂದಳು ತಾಯಿ. “ಎದ್ದು ಹೋಗೋಕೂ ಆಗದವರ ಕಿವೀಲಿ.”

ಮಗಳು ಊಟ ಮುಗಿಸಿದಳು. ತಟ್ಟೆ ತೊಳೆದಿಟ್ಟು ಕೆಲಸಕ್ಕೆ ಹೋದಳು.

ಎರಡನೆಯ ಸ್ಕ್ಯಾನಿಗೆ ಕರೆ ಬಂತು. ಈ ಸಲ ಪ್ರಶ್ನೆ ಕೇಳಬಹುದೆಂದು ವೈದ್ಯೆ ಹೇಳಿದಳು. ಉತ್ತರ ಹೌದಾದರೆ ಅವನು ಮನಸ್ಸಿನಲ್ಲಿ ಸ್ಪ್ಯಾನರ್ ತಿರುಗಿಸಬೇಕು. ಇಲ್ಲ ಎಂದಾದರೆ ತನ್ನ ಮನೆಯ ಒಂದೊಂದು ಕೋಣೆಯಲ್ಲೂ ನಡೆದಾಡಿದಂತೆ ಕಲ್ಪಿಸಿಕೊಳ್ಳಬೇಕು. ಎರಡಕ್ಕೂ ಮಿದುಳಿನಲ್ಲಿ ಬೇರೆ ಬೇರೆ ಜಾಗ ಬೆಳಗುತ್ತದೆ. ಅವನು ಬೇಗ ದಣಿಯುತ್ತಾನೆ, ಹೆಚ್ಚು ಕೇಳಲಾಗದು. ನೋವಿದೆಯೇ ಎಂದು ಮೊದಲು ಕೇಳುತ್ತೇವೆ, ಆಮೇಲೆ ಮನೆಯವರ ಒಂದು ಪ್ರಶ್ನೆ.

ಅತ್ತೆ, “ಅಮ್ಮ ಅಂತ ಗುರುತು ಸಿಗುತ್ತಾ ಕೇಳಿ” ಎಂದಳು. ಆಮೇಲೆ ತಾನೇ, “ಸಿಗದೇ ಏನು, ನನ್ನ ಮಗ” ಎಂದು ಸೊಸೆಯ ಕಡೆ ತಿರುಗಿದಳು. “ನೀನು ಕೇಳು. ಮಂಚ ಕಾಯೋಳು ನೀನು.”

ಪರದೆಯಕ್ಕ ವೈದ್ಯೆಯನ್ನು ಬಾಗಿಲ ಹೊರಗೆ ಕರೆದೊಯ್ದಳು. “ಹೆಂಡತಿ ನಿಮ್ಮ ಹತ್ತಿರ ಮಾತಾಡ್ಬೇಕಾ ಅಂತ ಕೇಳಿ. ಹೌದು ಅಥವಾ ಇಲ್ಲ. ಅಷ್ಟೇ.”

ವೈದ್ಯೆ ಅದನ್ನು ಬರೆದುಕೊಂಡಳು. ಏಕೆಂದು ಕೇಳಲಿಲ್ಲ.

ಸ್ಕ್ಯಾನ್ ಮುಗಿದು ಹೊರಬಂದಾಗ ವೈದ್ಯೆಯ ಮುಖದಲ್ಲಿ ಹಿಂದಿನ ಸಲದ ಉತ್ಸಾಹವಿರಲಿಲ್ಲ. “ನೋವಿದೆಯಾ ಅಂತ ಕೇಳಿದ್ವಿ. ಹೌದು ಅಂದ್ರು. ಬಹಳ ಸ್ಪಷ್ಟವಾಗಿ. ಎಲ್ಲಿ ಅಂತ ಒಂದೊಂದೇ ಜಾಗ ಹೆಸರಿಸಿ ಕೇಳ್ಬೇಕಾಯ್ತು. ಬಲಭುಜ.”

ದಿನಾ ಎಳೆಯುತ್ತಿದ್ದ ಭುಜ. ಬಟ್ಟೆಯ ಸುಕ್ಕು ಬಿಡಿಸಲು ಎಳೆದಂತೆ ಎಳೆಯುತ್ತಿದ್ದ ಭುಜ.

“ಇನ್ನೊಂದು?” ಎಂದು ಪರದೆಯಕ್ಕ ಕೇಳಿದಳು.

“ಅದಕ್ಕೆ ಉತ್ತರ ಸಿಗಲಿಲ್ಲಮ್ಮ. ಯಾವ ಜಾಗವೂ ಬೆಳಗಲಿಲ್ಲ. ದಣಿದಿರಬಹುದು, ನಿದ್ದೆ ಹತ್ತಿರಬಹುದು.”

“ಬೇಕು ಅಂತಲೇ ಸುಮ್ನಿದ್ದಿರಬಹುದಾ?”

“ಇರಬಹುದು. ಅದನ್ನ ಈ ಯಂತ್ರ ಹೇಳಲ್ಲ.”

ನೋವಿನ ಔಷಧ ಬರೆದುಕೊಟ್ಟರು. ಭುಜವನ್ನು ಹೇಗೆ, ಎಷ್ಟು ಮೆಲ್ಲಗೆ ಆಡಿಸಬೇಕೆಂದು ವ್ಯಾಯಾಮ ಮಾಡಿಸುವ ಒಬ್ಬಾಕೆ ಬಂದು ಮತ್ತೆ ಹೇಳಿಕೊಟ್ಟಳು. ಆ ಎರಡು ಸ್ಕ್ಯಾನುಗಳಿಂದ ಅವನಿಗಾದ ಲಾಭ ಇಷ್ಟೇ. ಕಡಿಮೆಯೇನಲ್ಲ. ಎರಡು ವರ್ಷ ಒಬ್ಬ ಮನುಷ್ಯ ನೋವಿನಲ್ಲಿ ಮಲಗಿದ್ದ, ಒಂದು ಮಾತ್ರೆ ಕೊಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಮನೆಗೆ ಕರೆತಂದ ಮರುದಿನ ಬೆಳಿಗ್ಗೆ, ಅತ್ತೆ ಸ್ನಾನಕ್ಕೆ ಹೋಗಿದ್ದಾಗ, ಪರದೆಯಕ್ಕ ಕುರ್ಚಿ ಎಳೆದುಕೊಂಡು ಅವನ ಮುಖಕ್ಕೆ ಎದುರಾಗಿ ಕೂತಳು. ಬಹಳ ದಿನದ ಮೇಲೆ ಬಾಯಿ ತೆರೆದದ್ದರಿಂದ ದನಿ ಗೊಗ್ಗರಾಗಿತ್ತು.

“ನಿನಗೆ ನೋವಾಗ್ತಿತ್ತು ಅಂತ ನನಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಹಾಗೆ ಎಳೀತಿರ್ಲಿಲ್ಲ. ಅದು ನನ್ನ ತಪ್ಪು.” ಅವಳು ಅವನ ಗಲ್ಲ ಒರೆಸಿದಳು. “ಸಾಯಿ ಅಂದಿದ್ದೂ ತಪ್ಪೇ. ಬಾಕಿದ್ದೆಲ್ಲ ನಿಜ. ಅದನ್ನ ವಾಪಸ್ ತಗೊಳ್ಳಲ್ಲ.”

ಅವನ ಕಣ್ಣು ಗೋಡೆಯ ಕಡೆಗೇ ಇತ್ತು. ಆ ಕಣ್ಣುಗಳಲ್ಲಿ ಏನನ್ನಾದರೂ ಕಂಡೆ ಎಂದು ಅವಳು ಎಂದೂ ಯಾರಿಗೂ ಹೇಳಲಿಲ್ಲ.

ಆಮೇಲೆ ಅವಳು ಬೈಯಲಿಲ್ಲ, ಹಾಗೆಂದು ಮೌನವಾಗಿಯೂ ಇರಲಿಲ್ಲ. ಮುಟ್ಟುವ ಮೊದಲು ಹೇಳುತ್ತಿದ್ದಳು: “ಈಗ ಎಡಕ್ಕೆ ತಿರುಗಿಸ್ತೀನಿ. ಭುಜ ಹಿಡೀತೀನಿ, ಮೆಲ್ಲಗೆ.” “ನೀರು ತಣ್ಣಗಿದೆ, ಸ್ವಲ್ಪ ತಾಳು.” ಮಾತು ಅಷ್ಟಕ್ಕೇ ಸೀಮಿತ. ‘ನೀನು’ ಮಾತ್ರ ಬದಲಾಗಲಿಲ್ಲ. ಅತ್ತೆ ಅದನ್ನು ಕೇಳಿಸಿಕೊಂಡಳು, ಹುಬ್ಬು ಗಂಟಿಕ್ಕಿದಳು, ಅಷ್ಟೇ. ಹೊಲಿಗೆ ಯಂತ್ರ ಹಿಂದಿನ ಕೋಣೆಯಲ್ಲೇ ಉಳಿಯಿತು.

ಅವನು ಅದಾದ ಮೇಲೆ ಒಂದು ವರ್ಷವೂ ಬದುಕಲಿಲ್ಲ. ಮತ್ತೆ ಶ್ವಾಸಕೋಶವೇ. ಈ ಸಲ ಔಷಧ ಹಿಡಿಯಲಿಲ್ಲ. ಕೊನೆಯ ದಿನ ಅತ್ತೆ ಅವನ ಒಂದು ಕಿವಿಯ ಹತ್ತಿರ ಮಗುವನ್ನು ಕರೆಯುವಂತೆ ಕರೆಯುತ್ತಿದ್ದಳು. ಮಗಳು ಪಾದ ಹಿಡಿದುಕೊಂಡಿದ್ದಳು. “ಏನಾದ್ರೂ ಹೇಳೇ” ಎಂದು ಅತ್ತೆ ಸೊಸೆಯನ್ನು ಕೂಗಿದಳು. ಪರದೆಯಕ್ಕ ಇನ್ನೊಂದು ಕಿವಿಯ ಹತ್ತಿರ ಬಗ್ಗಿದಳು. “ಇಲ್ಲೇ ಇದೀವಿ, ಎಲ್ಲರೂ” ಎಂದಳು. ಅದು ಅವನಿಗೆ ಕೇಳಿಸಿತೋ ಇಲ್ಲವೋ.

ಎಲ್ಲ ಮುಗಿದ ಮೇಲೆ ವೈದ್ಯೆ ಒಂದು ದಿನ ಮನೆಗೆ ಬಂದಳು. ಬೇಕಾದರೆ ಇಟ್ಟುಕೊಳ್ಳಿ ಎಂದು ಸ್ಕ್ಯಾನಿನ ಚಿತ್ರಗಳನ್ನು ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿ ತಂದಿದ್ದಳು. ಮಗಳು ಬೇಡವೆಂದಳು. ಅತ್ತೆ ಇಸಿದುಕೊಂಡಳು. ವೈದ್ಯೆ ಹೋದ ಮೇಲೆ ಕನ್ನಡಕ ಹಾಕಿಕೊಂಡು, ಚಿತ್ರಗಳನ್ನು ಮಡಿಲಲ್ಲಿ ಹರಡಿಕೊಂಡು ಸೊಸೆಯನ್ನು ಕರೆದಳು.

“ಇದರಲ್ಲಿ ಅವನು ಹೌದು ಅಂದಿದ್ದು ಯಾವುದು?”

ಪರದೆಯಕ್ಕ ಕಿತ್ತಳೆ ಮಚ್ಚೆಯಿದ್ದ ಚಿತ್ರದ ಮೇಲೆ ಬೆರಳಿಟ್ಟಳು.

“ಏನು ಕೇಳಿದ್ದಕ್ಕೆ?”

“ನೋವಿದೆಯಾ ಅಂತ ಕೇಳಿದ್ದಕ್ಕೆ.”

ಅತ್ತೆ ಆ ಮಚ್ಚೆಯನ್ನು ಹೆಬ್ಬೆರಳಿನಿಂದ ಸವರಿದಳು. ಇನ್ನೊಂದು ಚಿತ್ರ ಎತ್ತಿಕೊಂಡಳು. ಅದರಲ್ಲಿ ಬರೀ ಬೂದು ಬಣ್ಣ.

“ಇದು?”

“ನಾನು ಕೇಳಿದ್ದು.”

“ಏನು ಕೇಳಿದ್ದೆ?”

ಪರದೆಯಕ್ಕ ಹೇಳಿದಳು. ಮುದುಕಿ ಆ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಅತ್ತಿತ್ತ ಹೊರಳಿಸಿ, ಬಹಳ ಹೊತ್ತು ಹುಡುಕಿದಳು. ಎಲ್ಲೂ ಏನೂ ಇರಲಿಲ್ಲ. ಕೊನೆಗೆ ಅದನ್ನು ಸೊಸೆಯ ಕೈಗೆ ಕೊಟ್ಟು, “ಚಿಕ್ಕೋನಿದ್ದಾಗಲೂ ಹೀಗೇ” ಎಂದಳು. “ಅಳೋದು ಬಂದಾಗ ಮಾತೇ ಆಡ್ತಿರ್ಲಿಲ್ಲ.”

ಅದು ನಿಜವೋ, ಮುದುಕಿ ಸೊಸೆಗೆಂದು ಆಗಷ್ಟೇ ಹೊಲಿದ ಮಾತೋ ತಿಳಿಯದು. ಪರದೆಯಕ್ಕ ಕೇಳಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಯಿತು, ಎದ್ದು ಒಳಗೆ ಹೋದಳು.